ನೀರು ಕುಡಿದ ಕಲ್ಲು

ಬನಹಟ್ಟಿಯಲ್ಲಿ ಹುಟ್ಟಿದವರಿಗೆ ಕೆಮ್ಮು ರೋಗವಲ್ಲ, ಮನೆಯ ಸದ್ದುಗಳಲ್ಲಿ ಅದೂ ಒಂದು. ನಮ್ಮಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೆಮ್ಮುತ್ತಿದ್ದ. ಅವ್ವ ಕಂಡಿಕೆಗೆ ನೂಲು ಸುತ್ತುತ್ತ ಕೆಮ್ಮುತ್ತಿದ್ದಳು. ಗೋಡೆಯ ಆಚೆ ಯಾರಾದರೂ ಕೆಮ್ಮಿದರೆ ಅದು ಯಾರೆಂದು ರೊಟ್ಟಿ ಬಡಿಯುತ್ತಲೇ ಹೇಳಿಬಿಡುತ್ತಿದ್ದೆವು. ನೂಲಿನ ಧೂಳು ಗಂಟಲಿಗೆ ಹತ್ತುತ್ತದೆ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡರೆ ಇಳಿಯುತ್ತದೆ. ನಮ್ಮ ಓಣಿಯ ವೈದ್ಯಶಾಸ್ತ್ರವೆಲ್ಲ ಇಷ್ಟೇ. ಸುತ್ತಲೂ ಕಬ್ಬಿನ ಗಾಣಗಳಿದ್ದ ಸೀಮೆ, ಬೆಲ್ಲಕ್ಕೇನು ಕೊರತೆ? ನಮ್ಮವರು ಕೈಗೆಟಕುವ ಹಾಗೆ ಬೆಲ್ಲದ ಚೂರು ಇಟ್ಟುಕೊಂಡೇ ನೇಯಲು ಕೂಡುತ್ತಿದ್ದರು.

ಹೀಗಾಗಿ ನನ್ನ ಗಂಡ ಕೆಮ್ಮಲು ಶುರು ಮಾಡಿದಾಗ ಯಾರ ಕಿವಿಯೂ ನೆಟ್ಟಗಾಗಲಿಲ್ಲ. ಮಗ್ಗದ ಕೆಮ್ಮು ಎಂದರು. ಆ ಮನುಷ್ಯ ಜನ್ಮದಲ್ಲಿ ಲಾಳಿ ಮುಟ್ಟಿದವರಲ್ಲ! ಜಮಖಂಡಿಯ ಕೋರ್ಟಿನಲ್ಲಿ ಗುಮಾಸ್ತರು. ದಿನಾ ಮುಂಜಾನೆ ರಬಕವಿಯ ನಮ್ಮ ಮನೆಯಿಂದ ಹೊರಟು ಬಸ್ಸು ಹಿಡಿದು ಹೋಗಿ ಸಂಜೆ ಬರುವವರು. ಆದರೂ ಮಗ್ಗದ ಕೆಮ್ಮು. ಆ ಎರಡು ಮಾತು ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ. ಅವರ ಎದೆಯೊಳಗೆ ಹೋಗುತ್ತಿದ್ದದ್ದು ನೂಲಲ್ಲ, ಕಲ್ಲು ಎಂದು ನಮಗೆ ಗೊತ್ತಾಗುವಷ್ಟರಲ್ಲಿ ಬಹಳ ತಡವಾಗಿತ್ತು.

ಕಲ್ಲಿನ ಕತೆ ಮದುವೆಯ ಹೊಸತರಲ್ಲೇ ಶುರುವಾದದ್ದು. ನಾನು ಗಂಡನ ಮನೆಗೆ ಬಂದು ಇನ್ನೂ ವಾರ ಕಳೆದಿರಲಿಲ್ಲ. ಒಂದು ದಿನ ಇವರು ಹಿಂದಿನ ಖೋಲಿಗೆ ಕರೆದು, "ಬಾ, ನಿನಗೊಂದ ತೋರಸ್ತೇನಿ" ಎಂದು ಟ್ರಂಕಿನ ಬೀಗ ತೆಗೆದರು. ಹೊಸ ಮದುಮಗಳು ಏನೆಂದು ತಿಳಿಯಬೇಕು? ಸೀರೆ ಇರಬಹುದು, ಬೆಂಡೋಲೆ ಇರಬಹುದು ಎಂದು ಎದೆ ಹಿಡಿದುಕೊಂಡು ನಿಂತೆ. ಟ್ರಂಕಿನ ತುಂಬ ಕಲ್ಲು. ಹೊಳೆಯ ದಂಡೆಯಲ್ಲಿ ಬಿದ್ದಿರುತ್ತವಲ್ಲ, ಮಕ್ಕಳು ಆಣೆಕಲ್ಲು ಆಡುವುದಕ್ಕೆ ಆರಿಸುವಂಥವು. ಒಂದೊಂದನ್ನೂ ಬಟ್ಟೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದರು.

"ಹೆಂಗದಾವು?" ಎಂದು ಕೇಳಿದರು.

"ಕಲ್ಲ ಇದ್ದಂಗ ಅದಾವ್ರಿ" ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. ನಕ್ಕರು. ನನ್ನ ಮಾತಿಗೆ ಸಿಟ್ಟಿಗೇಳದ ಗಂಡ ಸಿಕ್ಕಿದ್ದಾನೆ ಎಂದು ಆ ಹೊತ್ತು ಖುಷಿಯಾದದ್ದು ಖರೆ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಇವರಿಗೆ ಯಾವುದಕ್ಕೂ ಅವಸರವಿಲ್ಲ, ಯಾರ ಮೇಲೂ ಮುನಿಸಿಲ್ಲ. ಕೋರ್ಟಿನಲ್ಲಿ ದಿನವೆಲ್ಲ ಜನರ ಜಗಳ ಬರೆದು ಬರೆದು ಸಾಕಾಗಿ ಮಾತಾಡದ ವಸ್ತುವನ್ನು ಹುಡುಕಿಕೊಂಡಿದ್ದಾರೆ ಎಂದು ಆಮೇಲೆ ನನಗೆ ಅನಿಸಿತು.

ಬೇಸಿಗೆಯಲ್ಲಿ ಕೃಷ್ಣೆ ಸೊರಗಿದಾಗ ರವಿವಾರ ಹಿಪ್ಪರಗಿ ಕಡೆಗೆ ಸೈಕಲ್ಲು ಹೊಡೆಯುತ್ತಿದ್ದರು. ಒಂದು ಸಲ ನನ್ನನ್ನೂ ಹಿಂದೆ ಕೂರಿಸಿಕೊಂಡು ಹೋದರು. ಬುತ್ತಿ ಕಟ್ಟಿಕೊಂಡಿದ್ದೆ. ನಡು ಬಗ್ಗಿಸಿ ಹರಳು ತುಂಬಿದ ದಂಡೆಗುಂಟ ನಡೆಯುತ್ತ ಹೋದವರು ಒಂದು ಕಲ್ಲು ಎತ್ತಿದರು, ಬಿಸಿಲಿಗೆ ಹಿಡಿದರು, ಆಮೇಲೆ ನಾಲಿಗೆ ಚಾಚಿ ಅದನ್ನು ನೆಕ್ಕಿದರು! ಅಪ್ಪ ನನ್ನನ್ನು ಹುಚ್ಚನಿಗೆ ಕೊಟ್ಟನಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಇವರು ತಿರುಗಿ ನೋಡಿ, "ಒಣಗಿದ ಕಲ್ಲು ಬಣ್ಣ ಮುಚ್ಚಿಟ್ಟುಕೊಂಡಿರ್ತೈತಿ. ತೇವ ಮಾಡಿದ್ರ ಬಾಯಿ ಬಿಡ್ತೈತಿ" ಎಂದು ಆ ಕಲ್ಲನ್ನು ನನ್ನ ಅಂಗೈಗೆ ಹಾಕಿದರು. ನೋಡಿದರೆ ಹೌದು, ಮಣ್ಣಿನ ಬಣ್ಣದ ಕಲ್ಲಿನೊಳಗೆ ಜೇನಿನ ಹಳದಿ ಕಾಣುತ್ತಿತ್ತು. ಆವತ್ತು ಊಟ ಮಾಡುವಾಗ ನಾನು ಅವರ ರೊಟ್ಟಿಯನ್ನು ಬೇರೆಯೇ ಇಟ್ಟೆ, ಎಷ್ಟಂದರೂ ಹೊಳೆಯೆಲ್ಲ ನೆಕ್ಕಿದ ಬಾಯಿ.

ಆ ಹಳದಿ ಕಲ್ಲನ್ನು ಕೆಂಪು ಮಾಡುವುದೇ ಇವರ ಹವ್ಯಾಸ. ಮೊದಲು ತಿಂಗಳುಗಟ್ಟಲೆ ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸುವುದು. ಆಮೇಲೆ ಸಾಣೆ. ಚಾಕು ಮಸೆಯುವವರು ಓಣಿಗೆ ಸೈಕಲ್ಲು ತರುತ್ತಾರಲ್ಲ, ಅಂಥದ್ದೇ ಒಂದು ಹಳೆಯ ಸೈಕಲ್ಲಿಗೆ ಸಾಣೆಯ ಗಾಲಿ ಜೋಡಿಸಿ ಹಿಂದಿನ ಖೋಲಿಯಲ್ಲಿ ನಿಲ್ಲಿಸಿದ್ದರು. ಕಲ್ಲನ್ನು ಅರಗಿನಿಂದ ಕಡ್ಡಿಯ ತುದಿಗೆ ಅಂಟಿಸಿ, ಪೆಡಲು ತುಳಿಯುತ್ತ, ಗಾಲಿಗೆ ಹಿಡಿದು ಆಕಾರ ಕೊಡುತ್ತಿದ್ದರು. ಆಕಾರ ಬಂದ ಮೇಲೆ ಸುಡುವುದು. ಗಡಿಗೆಯಲ್ಲಿ ಬೂದಿ ತುಂಬಿ, ನಡುವೆ ಕಲ್ಲು ಹುಗಿದು, ಬಾಯಿಗೆ ಒಡೆದ ಮಡಕೆಯ ಬೋಕಿ ಮುಚ್ಚಿ, ಸುತ್ತ ಕುಳ್ಳು ಪೇರಿಸಿ ಸಣ್ಣಗೆ ಉರಿಸುತ್ತಿದ್ದರು. ಉರಿ ಆರಿದರೂ ಗಡಿಗೆ ತೆಗೆಯುವಂತಿರಲಿಲ್ಲ. ನಾನು ಅವಸರ ಮಾಡಿದರೆ, "ಕಲ್ಲು ಈಗ ಬಾಣಂತಿ ಐತಿ, ಗಾಳಿ ತಾಕಬಾರ್ದು" ಎನ್ನುತ್ತಿದ್ದರು. ನನ್ನ ಬಾಣಂತನದಲ್ಲಿ ಇಷ್ಟು ಕಾಳಜಿ ಮಾಡಿದ್ದರೆ ನಾನೂ ಕೆಂಪಗಾಗುತ್ತಿದ್ದೆ ಎಂದು ಓಣಿಯ ಹೆಂಗಸರ ಮುಂದೆ ಹೇಳಿ ನಗಿಸಿದ್ದೂ ಉಂಟು.

ಸುಳ್ಳು ಯಾಕೆ ಹೇಳಲಿ, ಮರುದಿನ ಬೂದಿ ಕೆದರಿ ತೆಗೆದಾಗ ಕಲ್ಲು ಚೆಂದ ಕಾಣುತ್ತಿತ್ತು. ಹಳದಿ ಹೋಗಿ ದಾಳಿಂಬೆ ಕಾಳಿನ ಕೆಂಪು ಬಂದಿರುತ್ತಿತ್ತು. ಅದನ್ನು ನನ್ನದೇ ಕೌದಿಯಿಂದ, ನನ್ನನ್ನು ಕೇಳದೆ, ಕತ್ತರಿಸಿಕೊಂಡ ತುಂಡಿನ ಮೇಲೆ ನುಣ್ಣನೆಯ ಪುಡಿ ಹಾಕಿ ತಿಕ್ಕಿ ತಿಕ್ಕಿ ಹೊಳಪು ತರುತ್ತಿದ್ದರು. ಬೇಡಿದವರಿಗೆಲ್ಲ ಕೊಟ್ಟರು. ಶೇಂಗಾ ಹುರಿದ ಹಾಗೆ ಕಲ್ಲು ಹುರಿಯುತ್ತಾರೆ ಎಂದು ಆಡಿಕೊಂಡವರೇ ಆಮೇಲೆ ಉಂಗುರಕ್ಕೊಂದು ಹರಳು ಕೊಡಿರಿ ಎಂದು ಬಂದು ಕೂತರು. ಕುಜದೋಷಕ್ಕೆ ಹವಳ ಬೇಕೆಂದು ಬಂದವರಿಗೆ ಮಾತ್ರ, "ಇದು ಹವಳ ಅಲ್ಲವ್ವ, ಹೊಳಿ ಕಲ್ಲು. ಇದಕ್ಕ ಯಾವ ಗ್ರಹದ್ದೂ ಗುರ್ತಿಲ್ಲ" ಎಂದು ಕೈ ಮುಗಿದು ಕಳಿಸುತ್ತಿದ್ದರು. ತಮಗಾಗಿ ಒಂದೇ ಒಂದು ಹರಳನ್ನು ಬೆಳ್ಳಿಯ ಉಂಗುರದಲ್ಲಿ ಕೂರಿಸಿಕೊಂಡಿದ್ದರು.

ಈಗ ನೀರಿನ ವಿಷಯ. ಇದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ.

ಮೊದಲ ವರ್ಷ ಇವರೂ ಎಲ್ಲರ ಹಾಗೆ ಸಾಣೆಗೆ ನೀರು ಬಿಡುತ್ತಲೇ ಕಲ್ಲು ತಿಕ್ಕುತ್ತಿದ್ದರು. ಗಾಲಿಯ ಮೇಲೊಂದು ಡಬ್ಬಿ ಕಟ್ಟಿ, ಅದರಿಂದ ತೊಟ್ಟು ತೊಟ್ಟಾಗಿ ನೀರು ಬೀಳುವ ಹಾಗೆ ಮಾಡಿದ್ದರು. ಒಂದು ದಿನ ಹಾಗೆ ತಿಕ್ಕಿದ ಕಲ್ಲುಗಳನ್ನು ಹಸಿಹಸಿಯಾಗಿಯೇ ಗಡಿಗೆಯಲ್ಲಿ ಹುಗಿದು ಉರಿ ಹಚ್ಚಿದರು. ಸ್ವಲ್ಪ ಹೊತ್ತಿಗೆ ಢಂ ಎಂದು ಗಡಿಗೆ ಸಿಡಿಯಿತು. ಹಿತ್ತಲೆಲ್ಲ ಬೂದಿ, ಕಲ್ಲಿನ ಚೂರು. ಪಕ್ಕದವರು ಓಡಿ ಬಂದರು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಇವರು ಒಡೆದ ಕಲ್ಲುಗಳ ಮುಂದೆ ತುದಿಗಾಲಲ್ಲಿ ಕೂತು, "ನೀರು ಕುಡಿದ ಕಲ್ಲು ಬೆಂಕಿ ತಡಕೊಳ್ಳೂದಿಲ್ಲ" ಎಂದರು. ಆವತ್ತೇ ಡಬ್ಬಿ ಬಿಚ್ಚಿ ಎಸೆದರು. ಅಂದಿನಿಂದ ಒಮ್ಮೆ ಒಣಗಿದ ಕಲ್ಲಿಗೆ ಹನಿ ನೀರು ತಾಕಿಸಲಿಲ್ಲ. ತಿಕ್ಕುವಾಗ ನೀರು ಹಾಕಿ, ಆಮೇಲೆ ಚೆನ್ನಾಗಿ ಒಣಗಿಸಿ ಸುಟ್ಟಿದ್ದರೆ ಸಾಕಿತ್ತು. ಇಷ್ಟು ಸರಳ ಮಾತು ಕೋರ್ಟಿನ ಗುಮಾಸ್ತರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಲ್ಲ, ಹಾಗಾಯಿತು.

ನೀರಿಲ್ಲದೆ ತಿಕ್ಕಿದರೆ ಧೂಳು. ಹಿಂದಿನ ಖೋಲಿಯ ಕಿಟಕಿ ತೆರೆದರೆ ಗಾಳಿಗೆ ಪುಡಿ ಹಾರುತ್ತದೆ ಎಂದು ಅದನ್ನೂ ಮುಚ್ಚಿಕೊಂಡು ಕೂಡುತ್ತಿದ್ದರು. ಹೊರಗೆ ಬಂದರೆ ಹುಬ್ಬು ಬೆಳ್ಳಗೆ, ಕಿವಿಯ ಕೂದಲು ಬೆಳ್ಳಗೆ. "ಹಿಟ್ಟಿನ ಗಿರಣಿಗೆ ಹೋಗಿದ್ರೇನು?" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಮರುದಿನ ಮುಂಜಾನೆ ಅವರು ಬಸ್ಸಿಗೆ ಹೋದ ಮೇಲೆ ನಾನು ಆ ಖೋಲಿ ಗುಡಿಸುತ್ತಿದ್ದೆ. ಅಂಥ ನುಣುಪು ಧೂಳು ನಾನು ಬೇರೆಲ್ಲೂ ಕಂಡಿಲ್ಲ. ಕಸಬರಿಗೆ ಮುಟ್ಟಿಸಿದರೆ ಸಾಕು, ಎದ್ದು ನಿಲ್ಲುತ್ತಿತ್ತು. ಬಾಗಿಲ ತನಕ ಗುಡಿಸಿ ತಿರುಗಿ ನೋಡಿದರೆ ಮತ್ತೆ ಮೊದಲಿನ ಜಾಗದಲ್ಲಿ ಕೂತಿರುತ್ತಿತ್ತು.

ಕೆಮ್ಮು ಹೀಗೆ ಬಂತು ಎಂದು ಹೇಳುವುದು ಕಷ್ಟ. ಅದು ಬಾಗಿಲು ತಟ್ಟಿ ಬರಲಿಲ್ಲ. ಮಗ ಸಾಲಿಗೆ ಹೋಗುವ ಹೊತ್ತಿಗೆ ಮುಂಜಾನೆ ಹಲ್ಲು ತಿಕ್ಕುವಾಗ ಕೆಮ್ಮುತ್ತಿದ್ದರು. ಅವನು ಹೈಸ್ಕೂಲಿಗೆ ಬರುವ ಹೊತ್ತಿಗೆ ಕೋರ್ಟಿನ ಮೆಟ್ಟಿಲ ನಡುವೆ ನಿಂತು ಉಸಿರು ತಗೊಳ್ಳುತ್ತಿದ್ದರಂತೆ. ಹಿಪ್ಪರಗಿಗೆ ಸೈಕಲ್ಲು ಹೊಡೆಯುವುದು ನಿಂತಿತು. ನನ್ನ ಅವ್ವ ಬನಹಟ್ಟಿಯಿಂದ ಬಂದವಳು ಅಳಿಯನ ಕೆಮ್ಮು ಕೇಳಿ, ಹೊಸ ವಿಷಯವೇನೂ ಅಲ್ಲ ಎನ್ನುವ ಹಾಗೆ, "ಮೆಣಸು ಬೆಲ್ಲ ಕುಟ್ಟಿ ಕೊಡು" ಎಂದಳು. ಕೊಟ್ಟೆ. ನಮ್ಮೂರ ಡಾಕ್ಟರು ಎದೆಗೆ ಕೊಳವೆ ಇಟ್ಟು, "ಮನ್ಯಾಗ ಮಗ್ಗ ಐತೇನು?" ಎಂದು ಕೇಳಿದರು. ನಾನು ತವರಿಗಾಗಿ ಕಂಡಿಕೆ ಸುತ್ತಿ ಕೊಡುತ್ತಿದ್ದೆ, ಅಕ್ಕಪಕ್ಕದಲ್ಲಿ ಮಗ್ಗಗಳು ಬಡಿಯುತ್ತಿದ್ದವು. ಐತ್ರಿ ಎಂದೆವು. ಅವರೂ ಕೆಂಪು ಔಷಧದ ಬಾಟಲಿ ಕೊಟ್ಟು ಕಳಿಸಿದರು. ಕಲ್ಲಿನ ಮಾತು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಹವ್ಯಾಸಕ್ಕೂ ರೋಗಕ್ಕೂ ಏನು ಸಂಬಂಧ? ಕೇರಂ ಆಡುವವನು ಡಾಕ್ಟರ ಮುಂದೆ ಕೇರಂ ಆಡುತ್ತೇನೆಂದು ಹೇಳುತ್ತಾನೆಯೇ?

ನನಗೆ ಮೊದಲ ಸಂಶಯ ಬಂದದ್ದು ಮುಧೋಳದಲ್ಲಿ. ಇವರ ಅಕ್ಕನ ಮನೆಯಲ್ಲಿ ಮದುವೆ. ಮುಂಚಿತವಾಗಿ ಹೋಗಿ ವಾರದ ಮೇಲೆ ಉಳಿದೆವು. ನಾನು ನೇಕಾರರ ಮಗಳು, ಮಗ್ಗದ ಕೆಮ್ಮಿನ ಸ್ವಭಾವ ನನಗೆ ಗೊತ್ತು: ಊರು ಬಿಟ್ಟರೆ ಅದೂ ಬಿಡುತ್ತದೆ, ಮತ್ತೆ ಮಗ್ಗಕ್ಕೆ ಕೂತ ದಿನ ಬಂದು ಹಿಡಿಯುತ್ತದೆ. ನಮ್ಮಪ್ಪ ಯಾವ ಮದುವೆಯಲ್ಲೂ ಕೆಮ್ಮಿದವನಲ್ಲ. ಇವರ ಕೆಮ್ಮು ಮಾತ್ರ ನಮ್ಮ ಜೊತೆಗೇ ಬಸ್ಸು ಹತ್ತಿ ಬಂದು, ಚಪ್ಪರದ ಕೆಳಗೂ ಕೂತು, ಅಕ್ಷತೆಯ ಹೊತ್ತಿಗೂ ಬಿಡಲಿಲ್ಲ. ಅಂಗಿ ಬಿಚ್ಚಿ ಎಣ್ಣೆ ಹಚ್ಚಿಕೊಳ್ಳಲು ಕೂತಾಗ ಪಕ್ಕೆಲುಬು ಎಣಿಸಬಹುದಿತ್ತು. ಅವರ ಭಾವ ಚೇಷ್ಟೆಗೆ, "ಏನೋ, ನಮ್ಮ ಮುಧೋಳ ನಾಯಿ ಆಗಾಕತ್ತಿ" ಎಂದರು. ಇವರು ಉಸಿರು ಎಳೆದುಕೊಂಡು, "ನಾಯಿ ಓಡ್ತೈತಿ ಭಾವಾ" ಎಂದರು. ಎಲ್ಲರೂ ನಕ್ಕರು. ನನಗೆ ಹೆದರಿಕೆಯಾಯಿತು.

ನಮ್ಮ ಕಡೆಯವರು ಇನ್ನು ತಡೆಯಲಾಗದು ಎನಿಸಿದಾಗ ಹೋಗುವುದು ಮಿರಜಿಗೆ. ಹೋದೆವು. ಎದೆಯ ಫೋಟೋ ತೆಗೆದರು. ಡಾಕ್ಟರು ವಯಸ್ಸಾದವರು, ಅರ್ಧ ಮರಾಠಿ ಅರ್ಧ ಕನ್ನಡ. ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಏನು ಕೆಲಸ ಎಂದರು. ಕೋರ್ಟು ಎಂದೆವು. ಕಲ್ಲಿನ ಖಣಿಯಲ್ಲಿ ಎಂದಾದರೂ ದುಡಿದಿದ್ದಿರಾ, ಬಾವಿ ತೋಡಿದ್ದಿರಾ ಎಂದರು. ಇಲ್ಲ ಎಂದೆವು. ನಾನು ಮಗ್ಗದ ಮಾತು ತೆಗೆದರೆ ಕೈ ಅಡ್ಡ ಆಡಿಸಿದರು. ಅವರಿಗೂ ಅರ್ಥವಾಗದೆ ಫೋಟೋ ಕೆಳಗಿಟ್ಟು ನಾಡಿ ನೋಡಲು ಇವರ ಕೈ ಹಿಡಿದವರು, ಬೆರಳಿನ ಉಂಗುರ ಕಂಡು, "ಛಾನ್ ಐತಿ! ಎಲ್ಲಿ ತಗೊಂಡ್ರಿ?" ಎಂದು ಸುಮ್ಮನೆ ಕೇಳಿದರು.

ಇವರ ಮುಖ ಅರಳಿತು. "ತಗೊಂಡಿದ್ದಲ್ರಿ, ನಾನs ಮಾಡಿದ್ದು!"

ಅಲ್ಲಿಂದ ಶುರುವಾಯಿತು. ಹೊಳೆಯ ದಂಡೆಯಿಂದ ಹಿಡಿದು ಬಾಣಂತಿ ಗಡಿಗೆಯ ತನಕ ಎಲ್ಲವನ್ನೂ ಹೇಳಿದರು. ನಡುನಡುವೆ ಕೆಮ್ಮಿ, ಮೇಜು ಹಿಡಿದು ಉಸಿರು ತಗೊಂಡು, ಮತ್ತೆ ಹೇಳಿದರು. ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ನಾನು ವರ್ಷಗಳಿಂದ ಕಂಡಿರಲಿಲ್ಲ. ಡಾಕ್ಟರು ನಾಡಿ ಬಿಟ್ಟು ಕೇಳುತ್ತ ಕೂತಿದ್ದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ತಿಕ್ಕುವಾಗ ನೀರ ಹಾಕ್ತೀರಿ, ಹೌದಲ್ಲ?"

"ಏ, ಇಲ್ರಿ!" ಎಂದರು ಇವರು, ಎಲ್ಲಿ ತಮ್ಮನ್ನು ದಡ್ಡನೆಂದು ತಿಳಿದುಬಿಟ್ಟರೋ ಎನ್ನುವ ಹಾಗೆ. "ನೀರ ಕುಡಿದ ಕಲ್ಲು ಬೆಂಕ್ಯಾಗ ಒಡೀತೈತ್ರಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹತ್ತಿಯ ಧೂಳಾಗಿದ್ದರೆ ಹೊರಗೆ ಬರುತ್ತಿತ್ತು, ಇದು ಬರುವುದಿಲ್ಲ, ಇದಕ್ಕೆ ಔಷಧವಿಲ್ಲ ಎಂದು ಮೆಲ್ಲಗೆ ಹೇಳಿದರು. ಆದದ್ದು ಆಗಿದೆ, ಇನ್ನು ಮೇಲೆ ಒಂದು ಚಿಟಿಕೆ ಧೂಳೂ ಒಳಗೆ ಹೋಗಬಾರದು, ಸಾಣೆ ಮುಟ್ಟಬೇಡಿ ಎಂದರು. ನನಗೆ ಫೋಟೋ ತೋರಿಸಿದರು. ಎರಡೂ ಕಡೆ ಎದೆಯ ತುಂಬ ಬಿಳಿ ಕಾಳುಗಳು. ಆ ಹೊತ್ತು ನನಗೆ ದುಃಖ ಬರಲಿಲ್ಲ, ಸಿಟ್ಟೇ ಬಂತು. ಡಾಕ್ಟರ ಮೇಲೆ, ಇವರ ಮೇಲೆ, ಬೆಲ್ಲ ತಿನ್ನಿಸಿದ ಇಡೀ ಬನಹಟ್ಟಿಯ ಮೇಲೆ ಬಂತು. ಅಳು ಬಂದದ್ದು ಬಸ್ಸಿನಲ್ಲಿ.

ಇನ್ನಾದರೂ ಬಿಡುತ್ತಾರೆ ಎಂದುಕೊಂಡೆ. ಬಿಟ್ಟರು ಕೂಡ, ಒಂದು ಮಳೆಗಾಲದ ಮಟ್ಟಿಗೆ. ಸಂಜೆ ಕೋರ್ಟಿನಿಂದ ಬಂದು ಪಡಸಾಲೆಯಲ್ಲಿ ಕೈ ಕಟ್ಟಿ ಕೂಡುತ್ತಿದ್ದರು. ಚಹಾ ಕೊಟ್ಟರೆ ಕುಡಿದರು, ಕೊಡದಿದ್ದರೆ ಇಲ್ಲ. ದಸರೆಯ ಹೊತ್ತಿಗೆ ಹಿಂದಿನ ಖೋಲಿಯಿಂದ ಮತ್ತೆ ಪೆಡಲಿನ ಸದ್ದು. ಓಡಿ ಹೋಗಿ ಬಾಗಿಲು ನೂಕಿದರೆ ಮೂಗು ಬಾಯಿಗೆ ಒಂದು ಟವೆಲು ಕಟ್ಟಿಕೊಂಡು ಕೂತಿದ್ದರು. ಕೈಯಲ್ಲಿ ಆ ದೊಡ್ಡ ಕಲ್ಲು.

ದೊಡ್ಡ ಕಲ್ಲೆಂದರೆ, ಮಗ ಹುಟ್ಟಿದ ಬೇಸಿಗೆಯಲ್ಲಿ ಸಿಕ್ಕಿದ್ದು. ಕೋಳಿಮೊಟ್ಟೆಯಷ್ಟಿತ್ತು. ಒಳಗೆ ಉಂಗುರದೊಳಗೆ ಉಂಗುರವಾಗಿ ಹಳದಿ ಗೆರೆಗಳು. ಅದನ್ನು ನನ್ನ ಹಳೆಯ ಖಣದ ತುಂಡಿನಲ್ಲಿ ಸುತ್ತಿ, ಹಸಿ ಗಾಳಿ ಕೂಡ ತಾಗದ ಹಾಗೆ ಟ್ರಂಕಿನ ತಳದಲ್ಲಿ ಇಟ್ಟಿದ್ದರು. ಸುಡಲು ಧೈರ್ಯವೇ ಬಂದಿರಲಿಲ್ಲ. ಕೇಳಿದಾಗಲೆಲ್ಲ, "ಸುಟ್ಟರ ಒಂದೋ ಮಾಣಿಕ, ಇಲ್ಲ ಮಣ್ಣು. ಇನ್ನೂ ಒಣಗಲಿ" ಎನ್ನುತ್ತಿದ್ದರು. ಈಗ ಅದಕ್ಕೆ ಆಕಾರ ಕೊಡಲು ಹೊರಟಿದ್ದರು.

"ಇದೊಂದ ಮುಗಿಸಿ ಬಿಟ್ಟುಬಿಡ್ತೇನಿ" ಎಂದರು.

"ಅದು ಮುಗಿಯೂದರಾಗ ನೀವ ಮುಗೀತೀರಿ!" ಎಂದು ನಾನು ಕೂಗಿದೆ.

"ಹೆಂಗಿದ್ರೂ ನಾ ಮುಗಿಯಾಂವನs. ಇದನ್ನರೆ ನೋಡಿ ಹೋಗ್ತೇನಿ."

ಆ ಮಾತಿಗೆ ಇನ್ನಷ್ಟು ಕೂಗಿದೆ. ಕಲ್ಲಿಗೇ ತಾಳಿ ಕಟ್ಟಬೇಕಿತ್ತು ನೀವು ಎಂದೆ. ಸಾಣೆಯ ಗಾಲಿ ಬಿಚ್ಚಿ ಜೋಳದ ಚೀಲದೊಳಗೆ ಹೂತಿಟ್ಟೆ, ಹುಡುಕಿ ತೆಗೆದರು. ಗಾಲಿಯ ಮೇಲೆ ನೀರು ಸುರಿದೆ, ಬಿಸಿಲಿಗಿಟ್ಟು ಒಣಗಿಸಿಕೊಂಡರು. ಎರಡು ಹೊತ್ತು ರೊಟ್ಟಿ ಬಡಿಯಲಿಲ್ಲ. ಇವರು ಖಾನಾವಳಿಯಲ್ಲಿ ಉಂಡು ಬಂದು, "ನಿನ್ನಷ್ಟ ಛಲೋ ಬಡಿಯೂದಿಲ್ಲ ಅವ್ರು" ಎಂದರು. ಇಂಥ ಮನುಷ್ಯನ ಜೊತೆ ಹೇಗೆ ಜಗಳಾಡುವುದು? ಕಲ್ಲು ದಿನಕ್ಕೊಂದು ಗೆರೆ ಸವೆಯುತ್ತಿತ್ತು. ಇವರೂ ಸವೆಯುತ್ತಿದ್ದರು. ನಾನು ದೇವರಿಗೆ ಹರಕೆ ಹೊತ್ತೆ, ಮಗನಿಂದ ಹೇಳಿಸಿದೆ, ಯಾವುದೂ ನಡೆಯಲಿಲ್ಲ.

ನಡೆದದ್ದು ಒಂದು ರವಿವಾರ ಮುಂಜಾನೆ, ನಾನು ಏನೂ ಮಾಡದೆ. ಇಷ್ಟು ವರ್ಷವೂ ನಾನು ಹಿಂದಿನ ಖೋಲಿ ಗುಡಿಸುತ್ತಿದ್ದದ್ದು ಇವರು ಜಮಖಂಡಿ ಬಸ್ಸಿಗೆ ಹೋದ ಮೇಲೆ. ರವಿವಾರ ಇವರೇ ಒಳಗೆ ಕೂತಿರುತ್ತಿದ್ದುದರಿಂದ ಗುಡಿಸುವ ಮಾತೇ ಇರಲಿಲ್ಲ. ಅಂದು ಹೊತ್ತೇರಿದರೂ ಇವರು ಎದ್ದಿರಲಿಲ್ಲ, ಏಳುವವರೆಗೆ ಕಸ ತೆಗೆದುಬಿಡೋಣ ಎಂದು ನಾನು ಕಸಬರಿಗೆ ಹಿಡಿದು ಒಳಗೆ ಹೋಗಿದ್ದೆ. ಕಿಟಕಿ ತೆರೆದಿದ್ದೆ, ಬಿಸಿಲಿನ ಕೋಲು ನೇರ ಒಳಗೆ ಬಿದ್ದಿತ್ತು. ಗುಡಿಸುತ್ತ ಗುಡಿಸುತ್ತ ನಡು ಎತ್ತಿದರೆ ಇವರು ಬಾಗಿಲಲ್ಲಿ ನಿಂತಿದ್ದರು. ಬಿಸಿಲಿನಲ್ಲಿ ಧೂಳು ನನ್ನ ತಲೆಯ ತನಕ ಎದ್ದಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ನಾನು ಕೆಮ್ಮಿದೆ.

"ಈ ಕೆಮ್ಮು ಯಾವಾಗಿಂದ?" ಎಂದರು.

"ಹುಟ್ಟಿದಾಗಿಂದ. ಬನಹಟ್ಟಿ ಮಗಳು ನಾ."

ನಗಲಿಲ್ಲ. "ಈ ಖೋಲಿ ದಿನಾ ನೀನs ಗುಡಸ್ತಿಯೇನು?"

"ಮತ್ತ ಯಾರ ಗುಡಸ್ತಾರು? ಕೋರ್ಟಿನ ಜವಾನ ಬರ್ತಾನೇನು?"

"ಹಿಂಗs ಗುಡಸ್ತಿ? ನೀರ ಹೊಡೀದs?"

"ನೀರ ತಾಕಸಬ್ಯಾಡ ಅಂದವ್ರು ಯಾರು? ನಿಮ್ಮ ಕಲ್ಲು ನೀರ ಕುಡೀತಾವಂತ."

ಅವರು ಹಾಗೇ ಹೊಸ್ತಿಲ ಮೇಲೆ ಕುಸಿದು ಕೂತರು. ಮಾತು ಮುಗಿದ ಮೇಲೆಯೇ ನಾನು ಏನು ಹೇಳಿದೆ ಎಂಬುದು ನನಗೂ ತಿಳಿದದ್ದು. ಮಿರಜಿನ ಡಾಕ್ಟರು ಒಂದು ಚಿಟಿಕೆ ಧೂಳು ಎಂದಿದ್ದರು. ನಾನು ಮದುವೆಯಾದಾಗಿನಿಂದ ಬುಟ್ಟಿ ಬುಟ್ಟಿ ಗುಡಿಸಿದ್ದೆ. ಇವರ ಬಗ್ಗೆ ಅಷ್ಟು ಕೂಗಾಡಿದವಳಿಗೆ ನನಗೂ ಒಂದು ಎದೆ ಇದೆ ಎನ್ನುವುದು ನೆನಪೇ ಬಂದಿರಲಿಲ್ಲ. ಇವರು ಎದ್ದು ಬಂದು ನನ್ನ ಕೈಯಿಂದ ಕಸಬರಿಗೆ ಕಸಿದುಕೊಂಡರು. "ನಡಿ, ಮಿರಜಿಗೆ" ಎಂದರು. ರವಿವಾರ ಡಾಕ್ಟರು ಎಲ್ಲಿರುತ್ತಾರೆ ಎಂದರೂ ಕೇಳಲಿಲ್ಲ. ಕೊನೆಗೆ ಸೋಮವಾರ ಮೊದಲ ಬಸ್ಸು ಹಿಡಿದೆವು.

ತಮ್ಮ ಫೋಟೋ ತೆಗೆಸಿದ ದಿನ ಇವರು ದವಾಖಾನೆಯ ಬೆಂಚಿನ ಮೇಲೆ ಕೂತು ನೆಲಕ್ಕೆ ಹಾಸಿದ ಕಲ್ಲು ಯಾವ ಊರಿನದಿರಬಹುದು ಎಂದು ನೋಡುತ್ತಿದ್ದರು. ಈಗ ಕೂತುಕೊಳ್ಳಲೇ ಇಲ್ಲ. ಅಷ್ಟು ಕಡಿಮೆ ಉಸಿರಿನಲ್ಲಿ ದವಾಖಾನೆಯ ಪಡಸಾಲೆಯ ಈ ತುದಿಯಿಂದ ಆ ತುದಿಗೆ ಅಡ್ಡಾಡಿದರು. ಅವರು ಹೆದರಿದ್ದನ್ನು ನಾನು ಕಂಡದ್ದು ಆ ಒಂದೇ ದಿನ. ಅದೇ ಡಾಕ್ಟರು ನನ್ನ ಫೋಟೋ ಬೆಳಕಿಗೆ ಹಿಡಿದರು. ಅಲ್ಲೊಂದು ಇಲ್ಲೊಂದು ಕಾಳು ಬಿದ್ದಿವೆ, ಈಗಷ್ಟೇ ಶುರು, ಇಲ್ಲಿಗೇ ನಿಂತರೆ ಹೆದರಿಕೆ ಇಲ್ಲ ಎಂದರು. ಇವರು, "ನಿಲ್ತೈತ್ರಿ" ಎಂದರು. ತಮ್ಮ ಎದೆಯ ಬಗ್ಗೆ ಏನೂ ಕೇಳದೆ ಎದ್ದು ಬಂದರು.

ಮರಳುವ ಬಸ್ಸಿನಲ್ಲಿ ನಡುವೆ ಒಂದು ಸಲ, "ಉಸಿರ ಎಳಕೋ ನೋಡೂಣು" ಎಂದರು. ಎಳೆದುಕೊಂಡೆ. ನನ್ನ ಕಡೆ ಕಿವಿ ಕೊಟ್ಟು ಕೇಳಿದರು. ಬಸ್ಸಿನ ಗದ್ದಲದಲ್ಲಿ ಅವರಿಗೆ ಏನು ಕೇಳಿಸಿತೋ, ಇನ್ನೊಮ್ಮೆ ಎಂದರು. ಮತ್ತೆ ಎಳೆದುಕೊಂಡೆ.

ಆಮೇಲೆ ಅವರು ಬದುಕಿದ್ದು ಕೆಲವೇ ವರ್ಷ. ಅಷ್ಟು ದಿನವೂ ಮನೆಯ ಕಸ ಅವರದೇ. ಮೊದಲು ನೀರು ಚಿಮುಕಿಸಿ, ಆಮೇಲೆ ಕುಕ್ಕರಗಾಲಲ್ಲಿ ಕೂತು, ಮೊಳ ಮೊಳ ಸರಿಯುತ್ತ ಗುಡಿಸುತ್ತಿದ್ದರು. ಗಂಡಸು ಕಸಬರಿಗೆ ಹಿಡಿದನೆಂದು ಓಣಿ ನಕ್ಕಿತು. "ನಗಲಿ ಬಿಡು, ನಗಾಕರೆ ಉಸಿರೈತಿ ಅವರಿಗೆ" ಎನ್ನುತ್ತಿದ್ದರು. ಕೊನೆಕೊನೆಗೆ ಮಲಗಿದಲ್ಲಿಂದ ಏಳಲಾಗದೆ, ಗಾಳಿಗಾಗಿ ಬಾಗಿಲು ಕಿಟಕಿ ಎಲ್ಲ ತೆರೆಸುತ್ತಿದ್ದರು. ಎಷ್ಟು ತೆರೆದರೂ ಸಾಲುತ್ತಿರಲಿಲ್ಲ. ಹಾಗೇ ಹೋದರು. ನನ್ನ ಎದೆಯ ಕಾಳುಗಳು ಇದ್ದಲ್ಲೇ ಇವೆ.

ಆದರೆ ನನಗೆ ಮತ್ತೆ ಮತ್ತೆ ಕಣ್ಣಿಗೆ ಬರುವುದು ನನ್ನ ಫೋಟೋ ತೆಗೆಸಿ ಮಿರಜಿನಿಂದ ಮರಳಿದ ಆ ಸಂಜೆ. ಚಪ್ಪಲಿ ಬಿಟ್ಟವರೇ ಹಿಂದಿನ ಖೋಲಿಗೆ ಹೋದರು. ನಾನು ಬೇಡವೆಂದರೂ ಕೇಳದೆ ಅರ್ಧರ್ಧ ಕೊಡ ನೀರು ತಂದು ನೆಲಕ್ಕೆ, ಸೈಕಲ್ಲಿಗೆ, ಸಾಣೆಗೆ, ಮಾಡದಲ್ಲಿ ಒಣಗಿಸಿಟ್ಟಿದ್ದ ಕಲ್ಲುಗಳಿಗೆ ಸುರಿದರು. ಬಿಳಿಯ ನೀರು ಹೊಸ್ತಿಲು ದಾಟಿ ಹಿತ್ತಲಿಗೆ ಹರಿಯಿತು. ಆಮೇಲೆ ಟ್ರಂಕು ತೆಗೆದು ಖಣದ ಗಂಟು ಬಿಚ್ಚಿದರು. ಅರ್ಧ ಆಕಾರ ಬಂದಿದ್ದ ದೊಡ್ಡ ಕಲ್ಲನ್ನು ಕೈಯಲ್ಲಿ ಹಿಡಿದು ಅಡುಗೆಮನೆಗೆ ಬಂದು, ನಾವು ಕುಡಿಯುವ ನೀರಿನ ಕೊಡದ ಮುಚ್ಚಳ ಸರಿಸಿದರು.

"ಏನ ಮಾಡಾಕತ್ತೀರಿ? ಕೆಡ್ತೈತಿ ಅದು!" ಎಂದು ನಾನೇ ಕೂಗಿದೆ. ಇಷ್ಟು ವರ್ಷ ಅದರ ಮೇಲೆ ಬೆಂಕಿ ಕಾರಿದ ನಾನೇ.

ಅವರು ಕಲ್ಲನ್ನು ಒಳಗೆ ಬಿಟ್ಟರು. ತಳಕ್ಕೆ ತಾಗಿದ ಸದ್ದು ಬಂತು.

"ಕುಡೀಲಿ" ಎಂದರು. "ಭಾಳ ವರ್ಷ ಒಣಗಿಸಿದೆ."

ಹೊಗೆಗಿಂಡಿಯ ಬೆಳಕಿನಲ್ಲಿ ಇಬ್ಬರೂ ಬಗ್ಗಿ ನೋಡಿದೆವು. ನೀರಿನೊಳಗೆ ಅದರ ಉಂಗುರಗಳೆಲ್ಲ ತೆರೆದುಕೊಂಡು ಹಳದಿಯಾಗಿ ಹೊಳೆಯುತ್ತಿದ್ದವು. ಅವರ ಉಸಿರು ಸುಂಯ್ಯೆನ್ನುತ್ತಿತ್ತು. ನಮ್ಮ ಮನೆಯಲ್ಲಿ ಯಾವತ್ತೂ ಮೊದಲ ಲೋಟ ಅವರದು. ಆವತ್ತು ಅದೇ ಕೊಡದಿಂದ ನೀರು ತೆಗೆದು, ಎರಡೂ ಕೈಯಲ್ಲಿ ಹಿಡಿದು, ಮೊದಲು ನನಗೆ ಕೊಟ್ಟರು.